ಮನುಷ್ಯನೊಳಗಿಂದ ದೇವರು ಬರಬಹುದಾ?

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿಡುವ ಮುಂಚೆ ನೀನು ಕೇಳಿದ್ದು ತಲೆಯಿಂದ ಹೋಗಲೇ ಇಲ್ಲ. "ಮಂಗನಿಂದ ಮಾನವ ಆದ ಅಂತೀವಿ. ಮಾನವನಿಂದ ಮುಂದೆ ದೇವರು ಯಾಕಾಗಬಾರದು?" ಅಂದೆ. ನಾನು ನಿದ್ದೆಗಣ್ಣಲ್ಲಿ ಏನೋ ಹೇಳಿದೆ. ಅಮ್ಮ ಹೋದಮೇಲೆ ದೇವರ ಮಾತು ಬಂದರೆ ಸಾಕು, ಎದ್ದು ಹೋಗುತ್ತಿದ್ದೆ. ನಿನಗೆ ಗೊತ್ತು. ಆದರೆ ನಿನ್ನ ಪ್ರಶ್ನೆಯಲ್ಲಿ ಸಮಾಧಾನ ಹೇಳುವ ಆತುರ ಇರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ತಕರಾರು. 'ವಿಕಾಸ' ಅನ್ನೋ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಹೂವು ಅರಳುವುದಕ್ಕೆ ಹೇಳುವ ಮಾತು. ಕೇಳಿದಾಗಲೇ ಏನೋ ಒಳ್ಳೆಯದಾಗುತ್ತಾ ಹೋಗುತ್ತಿದೆ ಅನಿಸುತ್ತದೆ. 1859ರಲ್ಲಿ ಡಾರ್ವಿನ್ ತೋರಿಸಿದ ದಾರಿಯಲ್ಲಿ ಅಂಥ ಏಣಿ ಇಲ್ಲ. ಕತ್ತಲ ಗುಹೆಯಲ್ಲಿ ತಲೆತಲಾಂತರದಿಂದ ಬದುಕಿದ ಮೀನುಗಳು ಕಣ್ಣನ್ನೇ ಕಳೆದುಕೊಂಡಿವೆ. ಅದೂ ವಿಕಾಸವೇ. ಇದ್ದ ಜಾಗದಲ್ಲಿ ಯಾರು ಬದುಕಿ ಮರಿ ಮಾಡಿದರೋ ಅವರ ಗುಣ ಮುಂದೆ ಹೋಗುತ್ತದೆ, ಅಷ್ಟೇ. ಇನ್ನು ಮಂಗನಿಂದ ನಾವು ಬಂದವರೂ ಅಲ್ಲ. ಮಂಗಕ್ಕೂ ನಮಗೂ ಬಹಳ ಹಿಂದೆ ಒಬ್ಬರೇ ಪೂರ್ವಜರು. ಹಾಗಾಗಿ ಸುಮ್ನೆ ಕಾಯುತ್ತಾ ಕೂತರೆ ಲಕ್ಷಾಂತರ ವರ್ಷ ಆದಮೇಲೆ ನಮ್ಮ ಸಂತಾನ ದೇವರಾಗಿರುತ್ತದೆ ಅಂತ ನಂಬೋಕೆ ನನಗೆ ಕಾರಣ ಕಾಣುತ್ತಿಲ್ಲ.

ಇನ್ನೊಂದು ತೊಡಕು ಕಾಲದ್ದು. ಬ್ರಹ್ಮಾಂಡಕ್ಕೆ ಸುಮಾರು 1380 ಕೋಟಿ ವರ್ಷ. ಈಗಿನ ನಮ್ಮಂಥ ಮನುಷ್ಯರಿಗೆ ಹೆಚ್ಚುಕಡಿಮೆ 3 ಲಕ್ಷ ವರ್ಷ. ಇಷ್ಟು ತಡವಾಗಿ ಬಂದವರ ಹೊಟ್ಟೆಯಲ್ಲಿ ಹುಟ್ಟಿದವನು ಇದನ್ನೆಲ್ಲ ಸೃಷ್ಟಿ ಮಾಡಿರೋಕೆ ಸಾಧ್ಯವಾ? ಮಗ ಅಪ್ಪನಿಗೆ ಜನ್ಮ ಕೊಟ್ಟ ಅಂದ ಹಾಗಾಯಿತು. ಅಮೆರಿಕದಲ್ಲಿ ಮಾರ್ಮನ್ ಅನ್ನೋ ಕ್ರೈಸ್ತ ಪಂಥ ಕಟ್ಟಿದ ಜೋಸೆಫ್ ಸ್ಮಿತ್ 1844ರ ಏಪ್ರಿಲ್‌ನಲ್ಲಿ ಒಂದು ಪ್ರವಚನ ಮಾಡಿದ. ದೇವರೂ ಒಂದು ಕಾಲಕ್ಕೆ ನಮ್ಮ ಹಾಗೆ ಮನುಷ್ಯನೇ ಆಗಿದ್ದ ಅಂತ ಅದರಲ್ಲಿ ಬಿಚ್ಚುಮನಸ್ಸಿನಿಂದ ಹೇಳಿದ. ಧೈರ್ಯದ ಮಾತು, ನನಗೆ ಹಿಡಿಸಿತು. ಆದರೆ ಆ ಮನುಷ್ಯ ಯಾರ ಲೋಕದಲ್ಲಿದ್ದ, ಆ ಲೋಕ ಮಾಡಿದವರು ಯಾರು ಅಂತ ಕೇಳುತ್ತಾ ಹೋದರೆ ಸರಪಳಿಗೆ ತುದಿಯೇ ಸಿಗುವುದಿಲ್ಲ.

ಈ ಗಂಟನ್ನು ಬಿಚ್ಚಿದ್ದು ಜೈನರು ಅನಿಸುತ್ತದೆ. ಅವರ ಪ್ರಕಾರ ಲೋಕಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಮಾಡಿದವನೂ ಇಲ್ಲ. ಹಾಗಾಗಿ ದೇವರು ಅನ್ನೋ ಮಾತಿನ ಮೇಲೆ ಸೃಷ್ಟಿಯ ಹೊರೆಯೇ ಬೀಳುವುದಿಲ್ಲ. ಜೀವ ತನ್ನ ಕರ್ಮವನ್ನೆಲ್ಲ ಕಳೆದುಕೊಂಡರೆ ಅದೇ ಸಿದ್ಧ. 24 ತೀರ್ಥಂಕರರೂ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರೇ. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಸ್ವರ್ಗದಲ್ಲಿರುವ ದೇವತೆಗಳಿಗೂ ಅಲ್ಲಿಂದ ನೇರ ಮೋಕ್ಷ ಇಲ್ಲ. ಅವರೂ ಒಮ್ಮೆ ಮನುಷ್ಯರಾಗಿ ಹುಟ್ಟಲೇಬೇಕು. ಸುಖದಲ್ಲೇ ಇರುವವರಿಗೆ ಬಿಡುಗಡೆಯ ಬಾಗಿಲು ತೆರೆಯುವುದಿಲ್ಲ ಗೆಳೆಯಾ! ಹಸಿವು, ಕಾಯಿಲೆ, ಸಾವು ಎಲ್ಲ ಇರುವ ಈ ಮೈಯಲ್ಲೇ ಅದು ಆಗಬೇಕು. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಸತ್ತಮೇಲೆ ಜನ ದೇವರು ಮಾಡಿದವರ ಕಥೆ ಬೇರೆ. ಈಜಿಪ್ಟಿನ ಇಮ್ಹೋಟೆಪ್ ರಾಜನ ಅಧಿಕಾರಿಯಾಗಿದ್ದ. ಸುಮಾರು ಎರಡು ಸಾವಿರ ವರ್ಷ ಕಳೆದಮೇಲೆ ಅವನು ರೋಗ ವಾಸಿ ಮಾಡುವ ದೇವರಾದ. ಅಲ್ಲಿ ಬೆಳೆದದ್ದು ಜನರ ನೆನಪು. ಆ ಮನುಷ್ಯ ಎಷ್ಟಿದ್ದನೋ ಅಷ್ಟೇ.

ನೀನು ಕೇಳಿದ್ದಕ್ಕೆ ಹತ್ತಿರ ಬರುವವನು ಸ್ಯಾಮುಯೆಲ್ ಅಲೆಕ್ಸಾಂಡರ್ ಅನ್ನೋ ತತ್ವಜ್ಞಾನಿ. ಅವನು ಹುಟ್ಟಿದ್ದೂ 1859ರಲ್ಲೇ, ಡಾರ್ವಿನ್ನನ ಪುಸ್ತಕ ಬಂದ ವರ್ಷ. ಜಡವಸ್ತುವಿನಿಂದ ಜೀವ ಬಂತು, ಜೀವದಿಂದ ಮನಸ್ಸು ಬಂತು, ಇದರ ಮುಂದಿನದು ದೈವತ್ವ, ಅದು ಇನ್ನೂ ಬರಬೇಕಾದದ್ದು ಅಂತ ಅವನು 1920ರಲ್ಲಿ ಬರೆದ. ಕಲ್ಲಿಗೆ ಜೀವ ಅಂದರೆ ಏನು ಗೊತ್ತು? ಹಾಗೇ ಮನಸ್ಸಿಗೂ ಮುಂದಿನದು ತಿಳಿಯುವುದಿಲ್ಲ. ಇದು ನಿಜವಾ ಅಂತ ಪರೀಕ್ಷೆ ಮಾಡೋಕೆ ದಾರಿ ಇಲ್ಲ. ಆದರೂ ದೇವರನ್ನು ನಮ್ಮ ಹಿಂದೆ ಹುಡುಕುವ ಬದಲು ಮುಂದೆ ಹುಡುಕು ಅಂದದ್ದಕ್ಕೆ ನಾನು ಅವನಿಗೆ ಋಣಿ.

ಆದರೆ ಮುಂದೆ ಬರುವುದು ಏನು ಅನ್ನೋದರಲ್ಲಿ ಈಗಿನವರ ಜೊತೆ ನನಗೆ ಜಗಳ ಇದೆ. ಯಂತ್ರ, ಔಷಧಿ, ಕಂಪ್ಯೂಟರ್ ಎಲ್ಲ ಸೇರಿ ನಮ್ಮನ್ನು ದೇವರು ಮಾಡುತ್ತವೆ ಅನ್ನುತ್ತಾರಲ್ಲ, ಅವರು ಲೆಕ್ಕ ಹಾಕುವುದು ಶಕ್ತಿಯನ್ನು ಮಾತ್ರ. ಸಾವೇ ಇಲ್ಲದ, ಎಲ್ಲ ಗೊತ್ತಿರುವ ಒಬ್ಬ ಬಂದ ಅಂತಿಟ್ಟುಕೋ. ನಮ್ಮ ಸಿಟ್ಟು, ಹೊಟ್ಟೆಕಿಚ್ಚು ಅವನಲ್ಲಿ ಹಾಗೇ ಉಳಿದಿದ್ದರೆ? ಅವನಿಗೆ ಕೈ ಮುಗಿಯೋಕೆ ನನ್ನಿಂದ ಆಗುವುದಿಲ್ಲ. ಹೆದರಿ ಓಡುತ್ತೇನೆ.

ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ನಿಯಾಂಡರ್ತಲ್ ಅನ್ನೋ, ಈಗ ಅಳಿದುಹೋದ ಮಾನವ ಗುಂಪಿನ ಒಬ್ಬ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಹತ್ತಾರು ಸಾವಿರ ವರ್ಷ ಹಳೆಯದು. ಅವನು ನಮ್ಮ ಮೂಲಪುರುಷನಲ್ಲ, ದಾಯಾದಿ ಅನ್ನಬಹುದು. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ತಲೆಗೆ ಬಿದ್ದ ಪೆಟ್ಟಿಗೆ ಒಂದು ಕಣ್ಣು ಹೋಗಿರಬೇಕು. ಕುಂಟುತ್ತಿದ್ದ. ಆದರೆ ಗಾಯಗಳೆಲ್ಲ ಮಾಗಿದ್ದವು. ಅಂದರೆ ಪೆಟ್ಟು ಬಿದ್ದಮೇಲೂ ಅವನು ವರ್ಷಗಟ್ಟಲೆ ಬದುಕಿದ್ದ. ಅಂಥ ಕಾಲದಲ್ಲಿ ಒಬ್ಬನೇ ಇದ್ದು ಹೇಗೆ ಬದುಕುತ್ತಾನೆ ಹೇಳು? ಯಾರೋ ಅವನಿಗೆ ತಿನ್ನಿಸಿದ್ದಾರೆ, ಅವನ ನಡಿಗೆಗೆ ತಕ್ಕ ಹಾಗೆ ತಾವೂ ನಿಧಾನ ಮಾಡಿದ್ದಾರೆ ಅಂತಲೇ ನನಗೆ ಅನಿಸುವುದು.

ಅಮ್ಮನ ಕೊನೆಯ ವಾರಗಳಲ್ಲಿ ರಾತ್ರಿ ಅವಳನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದೆ. ಎರಡು ಗಂಟೆಗೊಮ್ಮೆ. ಎಷ್ಟೋ ಸಲ ಅವಳಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಆಗ ದೇವರ ಮೇಲೆ ಕೋಪ ಇತ್ತು. ಈಗ ಯೋಚಿಸಿದರೆ, ನಾನು ಕೋಪ ಮಾಡಿಕೊಂಡದ್ದು ಎಂದೂ ಮೈ ನೋಯದ, ಯಾರ ಹಾಸಿಗೆಯ ಪಕ್ಕವೂ ರಾತ್ರಿ ಕಳೆಯದ ಒಬ್ಬ ದೇವರ ಮೇಲೆ. ಅವನಿಗೆ ಎಲ್ಲ ಗೊತ್ತಿರಬಹುದು. ಬೆಳಗಾಗುವುದನ್ನು ಕಾಯುವುದು ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ಕಾದೇ ತಿಳಿಯಬೇಕು, ಅಲ್ವಾ? ಹಾಗಾಗಿ ನನ್ನ ಉತ್ತರ ಇದು. ಲೋಕವನ್ನು ಮಾಡಿದ ದೇವರು ಮನುಷ್ಯನಿಂದ ಬಂದಿರಲಾರ. ಆದರೆ ನಮ್ಮ ನೋವು ಬಲ್ಲ ದೇವರು ಒಬ್ಬ ಇದ್ದರೆ, ಅವನು ಮನುಷ್ಯನ ಮೂಲಕವೇ ಬಂದಿರಬೇಕು.

ಒಂದು ಮಾತ್ರ ಬಗೆಹರಿದಿಲ್ಲ. ಜೈನರ ಸಿದ್ಧನಿಗೆ ಎಲ್ಲ ತಿಳಿದಿರುತ್ತದೆ. ಆದರೆ ಅವನು ಲೋಕದ ವಿಷಯಕ್ಕೆ ಕೈ ಹಾಕುವುದಿಲ್ಲ, ವರ ಕೊಡುವುದಿಲ್ಲ, ಕರೆದರೆ ಬರುವುದಿಲ್ಲ. ನಮ್ಮ ಹಾಗೆ ನೋವು ಉಂಡು ಅಲ್ಲಿಗೆ ಹೋದವನು, ನೋಡುತ್ತಾ ಹೇಗೆ ಸುಮ್ಮನಿರುತ್ತಾನೆ? ಇದನ್ನು ನೀನು ಹೇಗೆ ಅರ್ಥ ಮಾಡಿಕೊಳ್ಳುತ್ತೀಯಾ? ಫೋನಿನಲ್ಲಿ ಬೇಡ, ನಿಧಾನವಾಗಿ ಯೋಚಿಸಿ ಬರೆ.

ನಿನ್ನ ಗೆಳೆಯ