ತಿಳಿಸದೆ ಬದಲಾಯಿಸಿದ ಸಮವಸ್ತ್ರದ ಬಟ್ಟೆ: ಆಟಿಸಂ ಇರುವ ವಿದ್ಯಾರ್ಥಿಯ ಪರವಾಗಿ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಶಾಲಾ ಸಮವಸ್ತ್ರ ಪೂರೈಕೆ ಸಂಸ್ಥೆ

ಮಾನ್ಯರೇ,

ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಅವನಿಗೆ ಆಟಿಸಂ ಇದೆ. ಈ ವರ್ಷ ನಿಮ್ಮಿಂದ ಕೊಂಡ ಅಂಗಿಗಳು ಹೋದ ವರ್ಷದವುಗಳ ಹಾಗಿಲ್ಲ. ಮೆತ್ತಗಿದ್ದ ಹತ್ತಿಯ ಬದಲು ಪಾಲಿಯೆಸ್ಟರ್ ಬೆರೆತ ಒರಟು ಬಟ್ಟೆ ಬಂದಿದೆ. ಕಾಲರ್ ಒಳಗೆ ಗಟ್ಟಿ ನೈಲಾನ್ ಲೇಬಲ್ ಹೊಲಿದಿದ್ದೀರಿ. ಕತ್ತರಿಸಿದರೆ ಹೊಲಿಗೆಯಲ್ಲಿ ಉಳಿಯುವ ತುದಿ ಇನ್ನೂ ಜೋರಾಗಿ ಚುಚ್ಚುತ್ತದೆ. ಬಿಚ್ಚಲು ಹೋದರೆ ಕಾಲರ್ ಹೊಲಿಗೆಯೇ ಬಿಡುತ್ತದೆ. ಬಣ್ಣ, ಅಳತೆ, ಕೋಡ್ ಸಂಖ್ಯೆ ಎಲ್ಲವೂ ಮೊದಲಿನದೇ ಆಗಿದ್ದರಿಂದ ಬಟ್ಟೆ ಬದಲಾಗಿದೆ ಎಂದು ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದಾಗ, ‘ನಾಲ್ಕು ಸಲ ಒಗೆಯಿರಿ, ಅಭ್ಯಾಸವಾಗುತ್ತೆ’ ಎಂದರು. ನನಗೆ ಅತಿ ಹೆಚ್ಚು ನೋವಾಗಿದ್ದು ಈ ಮಾತಿಗೆ. ಮೈಮೇಲಿನ ಬಟ್ಟೆಯನ್ನು ಬಹುಪಾಲು ಜನ ಸ್ವಲ್ಪ ಹೊತ್ತಿಗೆಲ್ಲ ಮರೆತುಬಿಡುತ್ತಾರೆ. ನನ್ನ ಮಗನಿಗೆ ಆ ಮರೆವು ಬರುವುದಿಲ್ಲ. ಕೊನೆಯ ಪೀರಿಯಡ್‌ನಲ್ಲೂ ಆ ಲೇಬಲ್ ಆಗಷ್ಟೇ ಚುಚ್ಚಿದಂತೆ ಇರುತ್ತದೆ. ಇದು ಹಟವಲ್ಲ, ಮುದ್ದು ಮಾಡಿ ಬೆಳೆಸಿದ್ದರ ಫಲವೂ ಅಲ್ಲ. ಸಂವೇದನೆಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5 ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿದೆ.

ಚಿಕ್ಕವನಿದ್ದಾಗ ಅಂಗಿ ಕಿತ್ತೆಸೆದು ಅಳುತ್ತಿದ್ದ, ಎಲ್ಲರಿಗೂ ಗೊತ್ತಾಗುತ್ತಿತ್ತು. ಈಗ ಹದಿಹರೆಯ. ಸಹಪಾಠಿಗಳ ಮುಂದೆ ಬೇರೆಯಾಗಿ ಕಾಣಬಾರದೆಂದು ಹಲ್ಲುಕಚ್ಚಿ ಕೂರುತ್ತಾನೆ. ಶಿಕ್ಷಕರಿಗೆ ಕಾಣುವುದು ಸುಮ್ಮನೆ ಕೂತ ಹುಡುಗ. ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಕುಸಿಯುತ್ತಾನೆ. ಊಟ, ಮಾತು ಯಾವುದೂ ಬೇಡ. ಗಂಟೆಯ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಕಾರಿಡಾರಿನ ನೂಕುನುಗ್ಗಲು ಇವನ್ನೆಲ್ಲ ಸಹಿಸುವುದರಲ್ಲೇ ಅವನ ಶಕ್ತಿ ಸೋರಿಹೋಗುತ್ತದೆ. ಅದಕ್ಕಾಗಿಯೇ ಶಾಲೆಯವರು ಕಿವಿಗೆ ಇಯರ್‌ಮಫ್ ಹಾಕಲು, ಗಂಟೆ ಬಾರಿಸುವ ಮೊದಲೇ ತರಗತಿ ಬಿಡಲು, ಸಾಕೆನಿಸಿದಾಗ ಕಾರ್ಡ್ ತೋರಿಸಿ ಗ್ರಂಥಾಲಯಕ್ಕೆ ಹೋಗಲು ಅನುಮತಿ ಕೊಟ್ಟಿದ್ದಾರೆ. ಅವರಿಗೆ ನಾನು ಋಣಿ. ಆದರೆ ಗದ್ದಲದಿಂದ ಎದ್ದು ಹೋಗಬಹುದು, ತೊಟ್ಟ ಅಂಗಿಯಿಂದ ಎದ್ದು ಹೋಗಲಾಗದು.

ಬೇರೆ ಕಡೆ ಅದೇ ಬಣ್ಣದ ಹತ್ತಿ ಅಂಗಿ ಹೊಲಿಸೋಣವೆಂದರೆ, ಒಪ್ಪಂದದಂತೆ ನಿಮ್ಮದನ್ನೇ ತೊಡಬೇಕು ಎನ್ನುತ್ತದೆ ಶಾಲೆ. ನಿಮ್ಮನ್ನು ಕೇಳಿದರೆ ಶಾಲೆಯನ್ನೇ ಕೇಳಿ ಎನ್ನುತ್ತೀರಿ. ಈ ಎರಡು ಉತ್ತರಗಳ ನಡುವೆ ಮಗ ತರಗತಿಗಳನ್ನು ಕಳೆದುಕೊಳ್ಳುತ್ತಿದ್ದಾನೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೇ ವಿಧಿ, ಶಿಕ್ಷಣದಲ್ಲಿ ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಇರಬೇಕು ಎನ್ನುತ್ತದೆ. ಒಂದು ಅಂಗಿಯ ವಿಷಯದಲ್ಲಿ ಅದು ಅಸಾಧ್ಯವೇನಲ್ಲ.

ಹಳೆಯ ಬಟ್ಟೆಯ ಅಂಗಿಗಳು ದಾಸ್ತಾನಿನಲ್ಲಿದ್ದರೆ ಅವನ ಅಳತೆಯವನ್ನು ಕೊಟ್ಟು ಇವನ್ನು ವಾಪಸ್ ಪಡೆಯಿರಿ. ಇಲ್ಲದಿದ್ದರೆ ಹಣ ಹಿಂತಿರುಗಿಸಿ, ಬೇರೆಡೆ ಹೊಲಿಸಿಕೊಳ್ಳಲು ನಿಮ್ಮ ಆಕ್ಷೇಪವಿಲ್ಲವೆಂದು ಶಾಲೆಗೆ ಪತ್ರ ಬರೆಯಿರಿ. ಮುಂದೆ ಲೇಬಲ್ ಹೊಲಿಯುವ ಬದಲು ಬಟ್ಟೆಯ ಮೇಲೆಯೇ ಅಚ್ಚು ಹಾಕಿ. ಬಟ್ಟೆ ಬದಲಾದಾಗ ಕೋಡ್ ಸಂಖ್ಯೆಯನ್ನೂ ಬದಲಾಯಿಸಿ, ಮುಂಚಿತವಾಗಿ ತಿಳಿಸಿ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಇಷ್ಟೂ ದಿನ ಅವನು ತೊಡುವುದು ಅದೇ ಅಂಗಿಯನ್ನು ಎಂಬುದು ನಿಮ್ಮ ಗಮನದಲ್ಲಿರಲಿ.

ಇಂತಿ,
ವಿದ್ಯಾರ್ಥಿಯ ತಾಯಿ