ರನ್ ಎಣಿಸಿ ಮುಗಿಸುವುದಾದರೆ ಚರ್ಚೆ ಯಾಕೆ ಬೇಕಿತ್ತು?

ಮಾನ್ಯ ಸಂಪಾದಕರೇ,

ಭಾನುವಾರ ವಿದ್ಯಾನಗರದಲ್ಲಿ ನಡೆದ ಕಾಲೇಜು ಮಕ್ಕಳ ಚರ್ಚಾಸ್ಪರ್ಧೆಯ ವರದಿ ನಿಮ್ಮ ಸೋಮವಾರದ ಪತ್ರಿಕೆಯಲ್ಲಿ ಬಂದಿದೆ. ಮುಖ್ಯ ಅತಿಥಿಗಳ ಫೋಟೋ ಇದೆ. ಶಾಲು ಹೊದಿಸಿಕೊಂಡವರೆಲ್ಲರ ಹೆಸರಿದೆ. ಸಚಿನ್‌ಗೆ ಸಾಟಿ ಇಲ್ಲ ಎಂದು ಅತಿಥಿಗಳು ಅಪ್ಪಣೆ ಕೊಡಿಸಿದ್ದು ದಪ್ಪ ಅಕ್ಷರದಲ್ಲಿದೆ. ಮಾತಾಡಿದ ಮಕ್ಕಳು ಏನು ಹೇಳಿದರು ಅನ್ನುವುದು ಮಾತ್ರ ಒಂದು ಸಾಲೂ ಇಲ್ಲ. ನಾನು ಆ ಸಭೆಯಲ್ಲಿ ಕೊನೆವರೆಗೂ ಕೂತಿದ್ದೆ. ಅಲ್ಲೇ ಬಂದಿದ್ದ ಸಿಟ್ಟು ನಿಮ್ಮ ವರದಿ ಓದಿ ಇನ್ನೂ ಜಾಸ್ತಿ ಆಯಿತು.

ವಿಷಯ ಬಹಳ ಚೆನ್ನಾಗಿತ್ತು. ನಮ್ಮ ಸಚಿನ್ ಮತ್ತು ದ್ರಾವಿಡ್, ವೆಸ್ಟ್ ಇಂಡೀಸ್‌ನ ಲಾರಾ, ಆಸ್ಟ್ರೇಲಿಯಾದ ಪಾಂಟಿಂಗ್, ದಕ್ಷಿಣ ಆಫ್ರಿಕಾದ ಕಾಲಿಸ್. ಒಂದೇ ಕಾಲದಲ್ಲಿ ಆಡಿದ ಈ ಐವರಲ್ಲಿ ಟೆಸ್ಟ್ ಬ್ಯಾಟಿಂಗ್‌ನಲ್ಲಿ ಯಾರು ಮೇಲು? ಇದನ್ನು ಕೇಳಬೇಕು ಎಂದೇ ನಾನು ನವನಗರದಿಂದ ಬಂದೆ. ಆಮಂತ್ರಣದಲ್ಲಿ ಹತ್ತು ಗಂಟೆ ಎಂದಿತ್ತು. ಚೆನ್ನಮ್ಮ ವೃತ್ತದ ಆಚೆ ಸ್ವಲ್ಪ ಕೆಲಸವಿತ್ತು. ಮೇಲ್ಸೇತುವೆ ಕೆಲಸದ ಧೂಳು ಕುಡಿದು, ಸುತ್ತು ಹಾಕಿ, ಆಟೋದವನು ಕೇಳಿದಷ್ಟು ಕೊಟ್ಟು ಸರಿಯಾದ ಸಮಯಕ್ಕೆ ಸಭಾಂಗಣ ಮುಟ್ಟಿದೆ. ಮಕ್ಕಳೂ ಬಂದಿದ್ದರು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದವರಿದ್ದರು. ಗದಗದಿಂದ, ಹಾವೇರಿಯಿಂದ ಬೆಳಗಿನ ರೈಲು ಹಿಡಿದು ಬಂದವರಿದ್ದರು. ಮುಖ್ಯ ಅತಿಥಿಯಾಗಿ ಬರಬೇಕಾದ ಅಧಿಕಾರಿಗಳೊಬ್ಬರೇ ಬಂದಿರಲಿಲ್ಲ. ಅವರು ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಕ್ಯಾನಿನಲ್ಲಿದ್ದ ನೀರು ಖಾಲಿಯಾಗಿತ್ತು. ಆಮೇಲೆ ದೀಪ ಹಚ್ಚಿದರು, ಹಾರ ಹಾಕಿದರು, ಸ್ವಾಗತ ಮಾಡಿದರು. ಸ್ವಾಗತ ಮಾಡಿದವರಿಗೂ ಸನ್ಮಾನ ಮಾಡಿದರು. ಮಕ್ಕಳಿಗೆ ಉಳಿದದ್ದು ತಲಾ ಮೂರು ನಿಮಿಷ!

ಆ ಮೂರು ನಿಮಿಷದಲ್ಲೇ ಪಿಯುಸಿ ಓದುವ ಒಬ್ಬಳು ಹುಡುಗಿ ಲಾರಾ ಪರವಾಗಿ ಎಷ್ಟು ಚೆಂದ ಮಾತಾಡಿದಳು ಗೊತ್ತಾ? 1999ರ ಬ್ರಿಜ್‌ಟೌನ್ ಟೆಸ್ಟ್ ತೆಗೆದುಕೊಂಡಳು. ಗೆಲ್ಲಲು 308 ಬೇಕು. 105ಕ್ಕೆ ಐದು ವಿಕೆಟ್ ಹೋಗಿವೆ. ಎದುರಿಗೆ ಆಸ್ಟ್ರೇಲಿಯಾದ ಬೌಲರ್‌ಗಳಾದ ಮೆಕ್‌ಗ್ರಾತ್, ಗಿಲೆಸ್ಪಿ, ವಾರ್ನ್, ಮೆಕ್‌ಗಿಲ್. ಬಾಲಂಗೋಚಿಗಳನ್ನು ಕಟ್ಟಿಕೊಂಡು ಲಾರಾ 153 ರನ್ ಹೊಡೆದು ಔಟಾಗದೆ ಉಳಿದು, ಒಂದೇ ವಿಕೆಟ್ ಬಾಕಿ ಇದ್ದಾಗ ಪಂದ್ಯ ಗೆಲ್ಲಿಸಿದರು. ಆಮೇಲೆ 2001ರ ಶ್ರೀಲಂಕಾ ಪ್ರವಾಸಕ್ಕೆ ಬಂದಳು. ಸ್ಪಿನ್ನರ್ ಮುರಳೀಧರನ್ ಅವರ ದೇಶದಲ್ಲೇ, ಅವರ ಎದುರೇ, ಮೂರು ಟೆಸ್ಟ್‌ಗಳಲ್ಲಿ 688 ರನ್. ಕೊನೇ ಟೆಸ್ಟ್‌ನಲ್ಲಿ 221 ಮತ್ತು 130. ಆದರೂ ವೆಸ್ಟ್ ಇಂಡೀಸ್ ಮೂರೂ ಟೆಸ್ಟ್ ಸೋತಿತು. ‘ಇನ್ನೊಂದು ಕಡೆ ನಿಲ್ಲುವವರೇ ಇಲ್ಲದಾಗ ಒಬ್ಬನೇ ಹೊಡೆದ ರನ್ನನ್ನು ಹೇಗೆ ತೂಗುತ್ತೀರಿ?’ ಎಂದು ಕೇಳಿದಳು. ಸಭೆ ಚಪ್ಪಾಳೆ ಹೊಡೆಯಿತು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಮೈಕ್ ಎಳೆದುಕೊಂಡರು. ‘ಸಾಕು ಕುಂದ್ರವಾ ತಂಗಿ. ಸಚಿನ್ನಂದು 15,921 ರನ್ ಅದಾವು. ಅದಕ್ಕಿಂತ ಹೆಚ್ಚು ಯಾರದೂ ಇಲ್ಲ. ಮುಗೀತಲ್ಲ?’ ಎಂದರು. ಮುಂದಿನ ಸಾಲಿನವರು ನಕ್ಕರು. ಹುಡುಗಿ ಕೂತಳು. ಮೊದಲ ಬಹುಮಾನ ‘ಸಚಿನ್ ದೇವರು’ ಎಂದು ಮೂರು ನಿಮಿಷ ಕೂಗಿದ ಹುಡುಗನಿಗೆ ಹೋಯಿತು. ಆ ಹುಡುಗನ ಮೇಲೆ ನನಗೆ ಬೇಜಾರಿಲ್ಲ. ಅವನಿಗೆ ಕಲಿಸಿದ್ದೇ ಅಷ್ಟು.

ಸಚಿನ್ ಅವರನ್ನು ಕಡಿಮೆ ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ಸಚಿನ್ ದೊಡ್ಡವರು ಅಂತ ಹೇಳಲಿಕ್ಕೂ ಒಟ್ಟು ರನ್ ಸಾಲುವುದಿಲ್ಲ. ಅವರು 200 ಟೆಸ್ಟ್ ಆಡಿದರು, ಲಾರಾ 131. ಲಾರಾ ಗಳಿಸಿದ್ದು 11,953. ಒಂದು ಸಲ ಔಟಾಗುವುದಕ್ಕೆ ಎಷ್ಟು ರನ್ ಎಂದು ಸರಾಸರಿ ತೆಗೆದರೆ ಸಚಿನ್ 53.78, ಲಾರಾ 52.88. ಇಷ್ಟು ಹತ್ತಿರ ಇದ್ದವರನ್ನು ಒಂದು ಮೊತ್ತ ಓದಿ ಬೇರೆ ಮಾಡಲು ಬರುತ್ತದಾ? ಸಚಿನ್ ಯಾಕೆ ದೊಡ್ಡವರು ಎಂದರೆ 18ನೇ ವಯಸ್ಸಿಗೆ ಪರ್ತ್‌ನ ಪುಟಿಯುವ ಪಿಚ್‌ನಲ್ಲಿ 114 ಹೊಡೆದದ್ದಕ್ಕೆ. 1999ರಲ್ಲಿ ಚೆನ್ನೈಯಲ್ಲಿ ಬೆನ್ನುನೋವು ನುಂಗಿಕೊಂಡು ಪಾಕಿಸ್ತಾನದ ಎದುರು 136 ಹೊಡೆದದ್ದಕ್ಕೆ. ಅವತ್ತು ಅವರು ಔಟಾದ ಮೇಲೆ ಉಳಿದವರು ನಿಲ್ಲಲಿಲ್ಲ, 12 ರನ್ನಿನಿಂದ ಸೋತೆವು. 2004ರಲ್ಲಿ ಸಿಡ್ನಿಯಲ್ಲಿ ಕವರ್ ಡ್ರೈವ್ ಎಂಬ ತಮ್ಮ ಮೆಚ್ಚಿನ ಹೊಡೆತವನ್ನೇ ಬದಿಗಿಟ್ಟು 241 ಹೊಡೆದು ಔಟಾಗದೆ ಉಳಿದರಲ್ಲ, ಅದಕ್ಕೆ. ವೇದಿಕೆಯ ಮೇಲಿದ್ದ ಯಾರ ಬಾಯಲ್ಲೂ ಇದು ಒಂದೂ ಬರಲಿಲ್ಲ. ಸಚಿನ್ ಪರ ಮಾತಾಡುವವರಿಗೇ ಸಚಿನ್ ಆಟ ಗೊತ್ತಿಲ್ಲ.

ರನ್ನೇ ಲೆಕ್ಕ ಎಂದಾದರೆ ಅತಿಥಿಗಳು ಇದಕ್ಕೆ ಉತ್ತರ ಹೇಳಲಿ. ಕಾಲಿಸ್ ಗಳಿಸಿದ್ದು 13,289. ದ್ರಾವಿಡ್ ಗಳಿಸಿದ್ದು 13,288. ಹಾಗಾದರೆ ಕಾಲಿಸ್ ಒಂದು ರನ್ನಿನಷ್ಟು ಮೇಲೇ? ಕಾಲಿಸ್ 292 ವಿಕೆಟ್ ಕೂಡ ತೆಗೆದವರು, ಅವರ ಸರಾಸರಿ 55 ದಾಟಿದೆ. ಅವರೇ ಮೇಲು ಎಂದು ಒಬ್ಬರು ವಾದಿಸಿದರೆ ನಾನು ಕೇಳುತ್ತೇನೆ. ಆದರೆ ದ್ರಾವಿಡ್ ಟೆಸ್ಟ್‌ಗಳಲ್ಲಿ ಎದುರಿಸಿದ್ದು 31,258 ಎಸೆತ. ಅಷ್ಟು ಎಸೆತ ಯಾರೂ ಆಡಿಲ್ಲ. ಅಷ್ಟು ಹೊತ್ತು ಅವರು ಒಂದು ಕಡೆ ನಿಂತಿದ್ದಕ್ಕೇ ಇನ್ನೊಂದು ಕಡೆಯವರು ಹೊಡೆದರು. 2003ರ ಅಡಿಲೇಡ್ ನೆನಪಿಸಿಕೊಳ್ಳಿ. ಆಸ್ಟ್ರೇಲಿಯಾ 556 ಹೊಡೆದಿತ್ತು. ನಮ್ಮವು 85ಕ್ಕೆ ನಾಲ್ಕು ವಿಕೆಟ್. ಅಲ್ಲಿಂದ ಲಕ್ಷ್ಮಣ್ ಜೊತೆ 303 ರನ್ನಿನ ಜೊತೆಯಾಟ, ದ್ರಾವಿಡ್ 233. ಎರಡನೇ ಸರದಿಯಲ್ಲಿ ಔಟಾಗದೆ 72, ಗೆಲುವಿನ ಹೊಡೆತವೂ ಅವರದೇ. 2006ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಕಿಂಗ್‌ಸ್ಟನ್ ಟೆಸ್ಟ್‌ನಲ್ಲಿ ಅವರದು 81 ಮತ್ತು 68. ಶತಕ ಇಲ್ಲ. ಆ ಪಿಚ್‌ನಲ್ಲಿ ನಮ್ಮ ತಂಡ ಒಂದು ಸಲ 200, ಇನ್ನೊಂದು ಸಲ 171. ಆದರೂ ಗೆದ್ದೆವು. 1971ರ ನಂತರ ವೆಸ್ಟ್ ಇಂಡೀಸ್‌ನಲ್ಲಿ ನಾವು ಟೆಸ್ಟ್ ಸರಣಿ ಗೆದ್ದದ್ದು ಅದೇ ಮೊದಲು. ಶತಕ ಎಣಿಸುವವರ ಪಟ್ಟಿಯಲ್ಲಿ ಈ ಆಟಕ್ಕೆ ಜಾಗವೇ ಇಲ್ಲ.

ಪಾಂಟಿಂಗ್ ಅವರದು 41 ಶತಕ. ಆದರೆ 2001ರಲ್ಲಿ ಭಾರತಕ್ಕೆ ಬಂದಾಗ ಹರ್ಭಜನ್ ಎದುರು ತಡಬಡಾಯಿಸಿ ಐದು ಸರದಿಗಳಲ್ಲಿ ಒಟ್ಟು 17 ರನ್. ಇಲ್ಲಿ ಒಂದು ಟೆಸ್ಟ್ ಶತಕ ಹೊಡೆಯಲು 2008ರವರೆಗೆ ಕಾಯಬೇಕಾಯಿತು. ಇದನ್ನೂ ನೋಡಬೇಕು, ಅಲ್ವಾ?

ನಮ್ಮ ಕಾಲದ ಮಾತು ಬಂದರೆ ಹೊಟ್ಟೆ ಉರಿಯುತ್ತದೆ. ಅತಿಥಿಗಳ ಲೆಕ್ಕದಲ್ಲಿ ಗಾವಸ್ಕರ್ 10,122 ರನ್, ಜಿ.ಆರ್. ವಿಶ್ವನಾಥ್ 6,080. ಮುಗೀತು. ಆದರೆ 1975ರ ಜನವರಿಯಲ್ಲಿ ಚೆನ್ನೈಯಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ ವಿಶ್ವನಾಥ್ 97 ಹೊಡೆದು ಔಟಾಗದೆ ನಿಂತರು. ತಂಡದ ಮೊತ್ತವೇ 190. ಆ ಟೆಸ್ಟ್ ನಾವು ಗೆದ್ದೆವು. ರೇಡಿಯೋಗೆ ಕಿವಿ ಹಚ್ಚಿ ಕೂತವರಿಗೆ ಅದು ಯಾವ ಇನ್ನೂರಕ್ಕೂ ಕಡಿಮೆ ಅನ್ನಿಸಲಿಲ್ಲ. ಗಾವಸ್ಕರ್ ಅವರೇ ಮಗನ ಹೆಸರಿನಲ್ಲಿ ವಿಶ್ವನಾಥ್ ಹೆಸರು ಸೇರಿಸಿದ್ದಾರೆ. ಜೊತೆಯಲ್ಲಿ ಆಡಿದವರಿಗೆ ಗೊತ್ತಿದ್ದ ಬೆಲೆ ವೇದಿಕೆಯ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿಲ್ಲ. ಭದ್ರಾವತಿಯವರು, ನಮ್ಮ ರಾಜ್ಯದವರು. ಅವರ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಗದಗದಿಂದ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಹೋಗುತ್ತಿದ್ದ ಸುನಿಲ್ ಜೋಶಿ ಭಾರತಕ್ಕೆ ಆಡಿದವರು. ಅವರ ಹೆಸರೂ ಇಲ್ಲ!

ಅಧಿಕಾರಿಗಳ ವಿಷಯ ಹೊಸದೇನಲ್ಲ. ನಮ್ಮ ಬಡಾವಣೆಯ ಮೈದಾನವನ್ನು ವರ್ಷದಲ್ಲಿ ಅರ್ಧದಷ್ಟು ದಿನ ಎಕ್ಸಿಬಿಷನ್‌ಗೆ, ಮದುವೆಗೆ, ಭಾಷಣಕ್ಕೆ ಕೊಡುತ್ತಾರೆ. ಗುಂಡಿ ಮುಚ್ಚದೆ, ಮೊಳೆ ಕೀಳದೆ ಹೋಗುತ್ತಾರೆ. ಹುಡುಗರು ರಸ್ತೆಯಲ್ಲಿ ಆಡಿದರೆ ಅದಕ್ಕೂ ಬೈಗುಳ. ಅರ್ಜಿ ಕೊಟ್ಟರೆ ಇನ್ನೊಂದು ಟೇಬಲ್‌ಗೆ ಹೋಗಿ ಅನ್ನುತ್ತಾರೆ. ಆ ಟೇಬಲ್‌ನವರು ರಜೆಯಲ್ಲಿರುತ್ತಾರೆ. ನಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಕೇಳಿದರೆ ಫೋನ್ ಎತ್ತುವುದಿಲ್ಲ. ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಇಲ್ಲ. ಇಷ್ಟೆಲ್ಲ ಕೆಲಸ ಬಿಟ್ಟು ಇವರು ಲಾರಾ ಆಟಕ್ಕೆ ತೀರ್ಪು ಕೊಡಲು ಬರುತ್ತಾರೆ. ಕಚೇರಿಯಲ್ಲಿ ಜನರ ಮಾತು ಕೇಳದೆ ರೂಢಿಯಾದವರು ಸಭೆಯಲ್ಲಿ ಮಕ್ಕಳ ಮಾತು ಕೇಳುತ್ತಾರಾ?

ಸಂಘಟಕರು ಭಾನುವಾರದ ಫಲಿತಾಂಶ ರದ್ದು ಮಾಡಬೇಕು. ಕ್ರಿಕೆಟ್ ನೋಡಿ ಗೊತ್ತಿರುವವರನ್ನು ಕೂರಿಸಿ ಚರ್ಚೆಯನ್ನು ಮತ್ತೆ ನಡೆಸಬೇಕು. ರದ್ದು ಮಾಡಲು ಆಗದಿದ್ದರೆ ಆ ಹುಡುಗಿಯನ್ನು ಕರೆದು ಅದೇ ವೇದಿಕೆಯಲ್ಲಿ ಪೂರ್ತಿ ಮಾತಾಡಿಸಬೇಕು. ಅಧಿಕಾರಿಗಳು ಅವಳ ಕ್ಷಮೆ ಕೇಳಬೇಕು. ಮೈದಾನದ ಗುಂಡಿಗಳನ್ನೂ ಮುಚ್ಚಿಸಬೇಕು. ನೀವಾದರೂ ಆ ಮಕ್ಕಳು ಹೇಳಿದ್ದನ್ನು ಕೇಳಿ ಬರೆಯಿರಿ. ನಿಮ್ಮ ವರದಿಗಾರರು ಅಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದರು. ಸನ್ಮಾನದ ಫೋಟೋ ಆದ ಮೇಲೆ ಎದ್ದು ಹೋದರು. ಇದನ್ನೆಲ್ಲ ಮಾಡಲು ಆಗದವರು ಮುಂದಿನ ವರ್ಷ ಆಮಂತ್ರಣದಲ್ಲಿ ಚರ್ಚಾಸ್ಪರ್ಧೆ ಎಂದು ಅಚ್ಚು ಹಾಕಿಸಬೇಡಿ. ಸನ್ಮಾನ ಸಮಾರಂಭ ಎಂದೇ ಹಾಕಿಸಿ. ಹಾವೇರಿಯ ಮಕ್ಕಳು ನಿದ್ದೆಗೆಟ್ಟು ರೈಲು ಹತ್ತುವುದಾದರೂ ತಪ್ಪುತ್ತದೆ.

– ಒಬ್ಬ ಓದುಗ, ನವನಗರ, ಹುಬ್ಬಳ್ಳಿ