14 ಕೈಗಳು ಎತ್ತಿದರೆ ಸಾಕು: ಯುರೋಪಿನ ಸಂಸತ್ತಿನ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ರೊಬೆರ್ಟಾ ಮೆಟ್ಸೋಲಾ ಅವರೇ,

ನಮಸ್ಕಾರ.

ನಾನು ಜರ್ಮನಿಯ ಕೇಲ್ ಊರಿನಲ್ಲಿ ಇದ್ದೇನೆ. ಹುಟ್ಟಿ ಬೆಳೆದಿದ್ದು ಕರ್ನಾಟಕದ ಬಳ್ಳಾರಿ ಸೀಮೆಯ ಕಂಪ್ಲಿಯಲ್ಲಿ. ಇಲ್ಲಿ ರೈನ್ ನದಿಯ ಸೇತುವೆ ದಾಟಿದರೆ ಫ್ರಾನ್ಸ್. ಆಚೆ ದಡದ ಸ್ಟ್ರಾಸ್‌ಬರ್ಗ್‌ನಲ್ಲಿ ನಿಮ್ಮ ಸಂಸತ್ತು. ನೀವು ಅಧಿವೇಶನಕ್ಕೆ ಬಂದ ವಾರ ನಮ್ಮ ಕಡೆಯ ಹೋಟೆಲುಗಳೂ ತುಂಬಿರುತ್ತವೆ. ಅಷ್ಟು ಹತ್ತಿರದವಳು ನಾನು. ಒಂದೇ ದೇಶ ಬೇಡ ಅಂದರೆ ಇಡೀ ಯುರೋಪಿನ ತೀರ್ಮಾನ ನಿಂತುಹೋಗುವ ನಿಯಮ ಬದಲಾಗಬೇಕು ಅಂತ ಕೇಳಲು ಈ ಪತ್ರ.

ಈ ಪತ್ರದ ಜರ್ಮನ್ ಪ್ರತಿ ನಿಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ನನ್ನ ಜನಕ್ಕಾಗಿ. ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್‌ನಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ಎಷ್ಟೋ ಮಂದಿ ಈಗ ಇಲ್ಲಿನ ಮತದಾರರು. ಆದರೂ ಯುರೋಪಿನ ರಾಜಕೀಯ ಅಂದರೆ 'ನಮಗ್ಯಾಕೆ' ಅಂತ ಪಕ್ಕಕ್ಕೆ ಸರಿಯುತ್ತಾರೆ. ನಾನೂ ಹಾಗೇ ಇದ್ದೆ. ಭಾರತದ ಪಾಸ್‌ಪೋರ್ಟ್ ಹಿಂದಿರುಗಿಸಿ ಜರ್ಮನ್ ಪೌರತ್ವ ತೆಗೆದುಕೊಂಡ ದಿನ ರಾತ್ರಿ ಅತ್ತಿದ್ದೇನೆ. ಅಷ್ಟು ಕೊಟ್ಟು ಪಡೆದ ಮತ ಅದು. ಸುಮ್ನೆ ಹಾಳು ಮಾಡಲು ಮನಸ್ಸಿಲ್ಲ.

ಒಂದು ಸಣ್ಣ ವಿಷಯದಿಂದ ಶುರು ಮಾಡುತ್ತೇನೆ. ಕನ್ನಡ ಪತ್ರಿಕೆಗಳು 27 ದೇಶಗಳು ಸೇರಿದ ಯುರೋಪಿಯನ್ ಯೂನಿಯನ್‌ಗೆ 'ಐರೋಪ್ಯ ಒಕ್ಕೂಟ' ಅಂತ ಬರೆಯುತ್ತವೆ. ಭಾರತದ ಕೇಂದ್ರ ಮತ್ತು ರಾಜ್ಯಗಳ ಮಾತು ಬಂದಾಗಲೂ ಅದೇ ಪದ, 'ಒಕ್ಕೂಟ ವ್ಯವಸ್ಥೆ'. ಅದನ್ನು ಓದಿಕೊಂಡು ಬೆಳೆದ ನಾನು, ಯುರೋಪು ಆಗಲೇ ಒಂದು ಒಕ್ಕೂಟ ಅಂದುಕೊಂಡೇ ಇಲ್ಲಿಗೆ ಬಂದೆ. ಬಂದ ಮೇಲೆ ಗೊತ್ತಾಯಿತು, ಅದು ಇನ್ನೂ ಅರ್ಧ ಕಟ್ಟಿದ ಮನೆ. ಗೋಡೆ ಎದ್ದಿದೆ, ಚಾವಣಿ ಹಾಕಿಲ್ಲ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ತಮ್ಮ ದೇಶದ ಮತ್ತು ಜರ್ಮನಿಯ ಕಲ್ಲಿದ್ದಲು ಮತ್ತು ಉಕ್ಕನ್ನು ಒಟ್ಟಿಗೆ ತರುವ ಮಾತಾಡಿದಾಗ, ಅದು ಯುರೋಪಿನ ಫೆಡರೇಶನ್, ಅಂದರೆ ನಿಜವಾದ ಒಕ್ಕೂಟದ ಕಡೆಗೆ ಮೊದಲ ಹೆಜ್ಜೆ ಅಂತ ಬಾಯಿ ಬಿಟ್ಟೇ ಹೇಳಿದ್ದರು. ಮುಕ್ಕಾಲು ಶತಮಾನ ಕಳೆಯಿತು. ಆ ಪದ ಹೇಳಲು ಈಗಿನ ನಾಯಕರು ಹಿಂಜರಿಯುತ್ತಾರೆ.

ನಾನಿರುವ ಜಾಗದ ಕಥೆ ನಿಮಗೆ ಗೊತ್ತಿರುತ್ತದೆ, ಆದರೆ ನಮ್ಮ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಸ್ಟ್ರಾಸ್‌ಬರ್ಗ್ 1871ರಲ್ಲಿ ಜರ್ಮನಿಗೆ ಸೇರಿತು. 1918ರಲ್ಲಿ ಫ್ರಾನ್ಸ್‌ಗೆ. 1940ರಲ್ಲಿ ಹಿಟ್ಲರನ ಕೈಗೆ. 1944ರಲ್ಲಿ ಮತ್ತೆ ಫ್ರಾನ್ಸ್‌ಗೆ. ಅಲ್ಲೇ ಹುಟ್ಟಿ ಅಲ್ಲೇ ಸತ್ತ ಒಬ್ಬ ಮುದುಕಿ, ಮನೆ ಬಿಟ್ಟು ಕದಲದೆಯೇ ನಾಲ್ಕು ಸಲ ದೇಶ ಬದಲಿಸಿದಳು. ಈಚೆ ದಡದ ಕೇಲ್ ಕೂಡ ಪಾರಾಗಲಿಲ್ಲ. ಯುದ್ಧ ಮುಗಿದ ಮೇಲೆ ಊರು ಫ್ರೆಂಚರ ವಶವಾಯಿತು. ಇಲ್ಲಿನ ಜರ್ಮನ್ನರಿಗೆ ಊರೊಳಗೆ ಕಾಲಿಡಲು ಆಗಲಿಲ್ಲ. ಎಲ್ಲರೂ ವಾಪಸ್ ಬರುವ ಹೊತ್ತಿಗೆ 1953 ಆಗಿತ್ತು. ಈಗ ಅದೇ ನದಿಯ ಮೇಲೆ ಟ್ರಾಮ್ ಓಡುತ್ತದೆ. 2017ರಲ್ಲಿ ಶುರುವಾಯಿತು. ಫ್ರೆಂಚರು ಟ್ರಾಮ್ ಹತ್ತಿ ಸೋಪು, ಶಾಂಪೂ ಕೊಳ್ಳೋಕೆ ಇಲ್ಲಿಗೆ ಬರುತ್ತಾರೆ. ನಾವು ಬ್ರೆಡ್ಡಿಗೆ ಅಲ್ಲಿಗೆ ಹೋಗುತ್ತೇವೆ. ಇದಕ್ಕಿಂತ ದೊಡ್ಡ ಪವಾಡ ನಾನು ನೋಡಿಲ್ಲ.

ನದಿ ದಾಟುವುದು ಅಂದರೆ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳ ತವರು ಗಂಗಾವತಿ ಕಡೆ, ಗಂಡನ ಮನೆ ಕಂಪ್ಲಿ. ನಡುವೆ ತುಂಗಭದ್ರೆ. ಆಚೆ ದಡ ಹೈದರಾಬಾದ್ ನಿಜಾಮರದ್ದು, ಈಚೆ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಹರಿಗೋಲಿನಲ್ಲಿ ದಾಟಿದರೆ ಸರ್ಕಾರ ಬೇರೆ, ದುಡ್ಡು ಬೇರೆ. ಅಲ್ಲಿ ಹಾಲಿ ಸಿಕ್ಕಾ, ಇಲ್ಲಿ ಕಲ್ದಾರ್ ರೂಪಾಯಿ. ಸರಕು ತಂದರೆ ಸುಂಕ. ಎರಡೂ ದಡದಲ್ಲಿ ಆಡುವ ಮಾತು ಒಂದೇ ಕನ್ನಡ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. ರಾಯಚೂರು ಜಿಲ್ಲೆಯೊಂದಿಗೆ ಗಂಗಾವತಿ 1956ರಲ್ಲಿ ಬಂತು. ಅಜ್ಜಿಯ ಎರಡು ಮನೆ ಒಂದೇ ರಾಜ್ಯ ಆದದ್ದು ಅವಳಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. 'ತವರಿಗೆ ಹೋಗಾಕ ಯಾರನ್ನೂ ಕೇಳಬೇಕಾಗಿಲ್ಲ ಈಗ' ಅನ್ನುತ್ತಿದ್ದಳು. ತಪಾಸಣೆಯಿಲ್ಲದೆ ಗಡಿ ದಾಟಲು ಬಿಡುವ ಸೆಂಗನ್ ಒಪ್ಪಂದ ಅಂದರೇನು ಅಂತ ನನಗೆ ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳಿಕೊಟ್ಟಿಲ್ಲ.

ಅದಕ್ಕೇ 2020ರ ಮಾರ್ಚ್ ತಿಂಗಳು ನನ್ನನ್ನು ಅಲ್ಲಾಡಿಸಿತು. ಕೊರೊನಾ ಬಂತು, ಗಡಿ ಮುಚ್ಚಿತು. ಟ್ರಾಮ್ ನದಿ ದಾಟುವುದು ನಿಂತಿತು. ಪಕ್ಕದ ಮನೆಯಾಕೆಯ ತಾಯಿ ಆಚೆ ದಡದಲ್ಲಿದ್ದರು. ವಾರಗಟ್ಟಲೆ ಫೋನಿನಲ್ಲೇ ಮಾತು. ಜರ್ಮನಿ ಮಾಸ್ಕ್‌ಗಳ ರಫ್ತಿಗೆ ತಡೆ ಹಾಕಿತು. ಫ್ರಾನ್ಸ್ ತನ್ನಲ್ಲಿದ್ದ ಮಾಸ್ಕ್‌ಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಒಂದೇ ರೋಗ, ಪ್ರತಿ ದೇಶಕ್ಕೂ ಅದರದೇ ನಿಯಮ. ಆಮೇಲೆ ಜನ ಎಚ್ಚೆತ್ತರು. ಆಚೆ ದಡದ ಅಲ್ಸಾಸ್‌ನ ಆಸ್ಪತ್ರೆಗಳು ತುಂಬಿ ತುಳುಕಿದಾಗ ನಮ್ಮ ಬಾಡೆನ್-ವುರ್ಟೆಂಬರ್ಗ್‌ನ ಆಸ್ಪತ್ರೆಗಳು ಅಲ್ಲಿನ ರೋಗಿಗಳಿಗೆ ಹಾಸಿಗೆ ಕೊಟ್ಟವು. ಲಸಿಕೆಯನ್ನು 27 ದೇಶ ಒಟ್ಟಾಗಿ ಕೊಂಡವು. ಜುಲೈನಲ್ಲಿ ಎಲ್ಲರೂ ಸೇರಿ 75,000 ಕೋಟಿ ಯುರೋ ನಿಧಿಗೆ ಒಪ್ಪಿದರು. ಒಟ್ಟಿಗೆ ಸಾಲ ಎತ್ತಿ ಕೊಡುವ ದುಡ್ಡು ಅದು. ಅಷ್ಟು ದೊಡ್ಡ ಜಂಟಿ ಸಾಲ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಕಷ್ಟ ಕುತ್ತಿಗೆಗೆ ಬಂದ ಮೇಲೆ ಒಂದಾಗುವುದು, ಕಷ್ಟ ಕಳೆದ ಮೇಲೆ ಬಿಡಿಯಾಗುವುದು. ಇಷ್ಟೇ ನಮ್ಮ ಪಾಡು. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ನಮ್ಮ ಸೇತುವೆ ಕೂಡ ಆ ಲೆಕ್ಕದಲ್ಲಿ ಸೇರಿತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ವೀಟೊ.

ವಿದೇಶಾಂಗ ನೀತಿ, ತೆರಿಗೆ, ಏಳು ವರ್ಷದ ಬಜೆಟ್, ಹೊಸ ದೇಶಗಳ ಸೇರ್ಪಡೆ. ಇವಕ್ಕೆಲ್ಲ 27ಕ್ಕೆ 27 ದೇಶವೂ ಹೂಂ ಅನ್ನಬೇಕು. ಒಬ್ಬರು ಊಹೂಂ ಅಂದರೆ ಮುಗಿಯಿತು. 27 ನಾಯಕರು ಕೂಡಿದ 2023ರ ಡಿಸೆಂಬರ್‌ನ ಶೃಂಗಸಭೆ ನೆನಪಿದೆ ಅಲ್ವಾ? ಉಕ್ರೇನ್‌ನ ಸೇರ್ಪಡೆ ಮಾತುಕತೆ ಶುರು ಮಾಡಬೇಕೋ ಬೇಡವೋ ಅಂತ ಚರ್ಚೆ. ಹಂಗರಿಯ ಪ್ರಧಾನಿ ವಿಕ್ಟರ್ ಒರ್ಬಾನ್ ಒಪ್ಪಲಿಲ್ಲ. ಕೊನೆಗೆ ಅವರು ಕೋಣೆಯಿಂದ ಹೊರಗೆ ಹೋದರು, ಉಳಿದ 26 ಮಂದಿ ತೀರ್ಮಾನ ಮಾಡಿದರು. ವಾಪಸ್ ಬಂದ ಮೇಲೆ ಉಕ್ರೇನಿಗೆ ಕೊಡಬೇಕಿದ್ದ 5,000 ಕೋಟಿ ಯುರೋ ನೆರವಿಗೆ ಅಡ್ಡ ನಿಂತರು. ಅದು ಒಪ್ಪಿಗೆಯಾಗಲು 2024ರ ಫೆಬ್ರುವರಿ 1ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಅಲ್ಲಿ ಬಾಂಬು ಬೀಳುವುದು ಒಂದು ದಿನವೂ ನಿಂತಿರಲಿಲ್ಲ. 45 ಕೋಟಿ ಜನರ ತೀರ್ಮಾನ, ಒಬ್ಬರು ಬಾಗಿಲ ಆಚೆ ಇದ್ದಾರೋ ಈಚೆ ಇದ್ದಾರೋ ಅನ್ನುವುದರ ಮೇಲೆ ನಿಂತಿತು. ಟಿವಿಯಲ್ಲಿ ಆ ಸುದ್ದಿ ನೋಡಿದಾಗ ನನಗೆ ನಾಚಿಕೆಯಾಯಿತು.

ಬರೀ ಹಂಗರಿಯನ್ನು ಬೈಯುವುದು ಸರಿಯಲ್ಲ. 2020ರಲ್ಲಿ ಬೆಲರೂಸ್ ವಿರುದ್ಧದ ದಿಗ್ಬಂಧನವನ್ನು ಸೈಪ್ರಸ್ ತಡೆದಿತ್ತು. 2022ರಲ್ಲಿ ರೊಮೇನಿಯಾ, ಬಲ್ಗೇರಿಯಾದ ಸೆಂಗನ್ ಪ್ರವೇಶಕ್ಕೆ ಆಸ್ಟ್ರಿಯಾ ಅಡ್ಡ ಬಂತು. ಅದೇ ಬಲ್ಗೇರಿಯಾ 2020ರಲ್ಲಿ ಉತ್ತರ ಮ್ಯಾಸಿಡೋನಿಯಾ ಯೂನಿಯನ್ ಸೇರುವ ದಾರಿ ಮುಚ್ಚಿತ್ತು. ಈ ಕೀಲಿ ಯಾರ ಕೈಯಲ್ಲಿದ್ದರೂ ಒಂದಲ್ಲ ಒಂದು ದಿನ ತಮ್ಮ ಮನೆಯ ಚುನಾವಣೆಗೆ ಅದನ್ನು ಬಳಸುತ್ತಾರೆ. ದೋಷ ಕೀಲಿಯದ್ದು.

ಇದಕ್ಕೆ ಬದಲಿ ಹೊಸದಾಗಿ ಹುಡುಕಬೇಕಿಲ್ಲ. ಈಗಲೇ ಎಷ್ಟೋ ಕಾನೂನು ಬಹುಮತದಲ್ಲಿ ಆಗುತ್ತವೆ. 27ರಲ್ಲಿ 15 ದೇಶ ಒಪ್ಪಬೇಕು, ಅವುಗಳ ಜನಸಂಖ್ಯೆ ಒಟ್ಟು ಜನಸಂಖ್ಯೆಯ ಶೇ 65 ಇರಬೇಕು. ದೊಡ್ಡವರು ಸಣ್ಣವರನ್ನು ತುಳಿಯಲಾಗದು, ಸಣ್ಣವರು ದೊಡ್ಡವರನ್ನು ಕಟ್ಟಿಹಾಕಲಾಗದು. ಇದೇ ಲೆಕ್ಕವನ್ನು ವಿದೇಶಾಂಗ ನೀತಿಗೂ ಬಜೆಟ್‌ಗೂ ತನ್ನಿ.

ಮತ್ತೆ ನಮ್ಮ ಮತಕ್ಕೆ ಬೆಲೆ ಕೊಡಿ. ನಾನು ಮೊದಲ ಸಲ ಯುರೋಪಿನ ಚುನಾವಣೆಯಲ್ಲಿ ಮತ ಹಾಕಿದ್ದು 2019ರಲ್ಲಿ. ಯೂನಿಯನ್ನಿನ ಆಡಳಿತ ನಡೆಸುವ ಕಮಿಷನ್‌ನ ಅಧ್ಯಕ್ಷ ಸ್ಥಾನಕ್ಕೆ ದೊಡ್ಡ ಬಣಗಳು ತಮ್ಮ ಅಭ್ಯರ್ಥಿಗಳ ಹೆಸರು ಹೇಳಿದ್ದವು. ಟಿವಿಯಲ್ಲಿ ಅವರ ಚರ್ಚೆ ಕೂತು ನೋಡಿದ್ದೆ. ಕೊನೆಗೆ ಸರ್ಕಾರಗಳ ಮುಖ್ಯಸ್ಥರು ಒಳಗೆ ಕೂತು ಆ ಪಟ್ಟಿಯಲ್ಲೇ ಇಲ್ಲದವರನ್ನು ಆರಿಸಿದರು. ಉರ್ಸುಲಾ ಫಾನ್ ಡೇರ್ ಲೈಯನ್ ಅವರ ಬಗ್ಗೆ ನನಗೆ ವೈಯಕ್ತಿಕ ಸಿಟ್ಟಿಲ್ಲ. ಆದರೆ ಮತಪೆಟ್ಟಿಗೆಗೂ ಗದ್ದುಗೆಗೂ ನಡುವೆ ದಾರ ಕಡಿದುಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ನಿಮ್ಮ ಸಂಸತ್ತಿಗೆ ಸ್ವತಃ ಮಸೂದೆ ಮಂಡಿಸುವ ಹಕ್ಕಿಲ್ಲ. ಎಲ್ಲಿ ಕೂಡಬೇಕು ಅನ್ನುವುದೂ ನಿಮ್ಮ ಕೈಯಲ್ಲಿಲ್ಲ, ಅದನ್ನೂ ಯೂನಿಯನ್ನಿನ ಮೂಲ ಒಪ್ಪಂದವೇ ಹೇಳುತ್ತದೆ. ಯಾವ ಊರಿನ ಪಂಚಾಯ್ತಿಯೂ ಹೀಗೆ ಇರುವುದಿಲ್ಲ.

ಫೆಡರಲ್ ಯುರೋಪ್ ಅಂದ ಕೂಡಲೇ ಜನ ಹೆದರುತ್ತಾರೆ. ಎಲ್ಲವೂ ಬ್ರಸೆಲ್ಸ್‌ಗೆ ಹೋಗುತ್ತದೆ, ನಮ್ಮ ಭಾಷೆ ಸಾಯುತ್ತದೆ ಅಂತ. ಈ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಕನ್ನಡಿಗಳಾಗಿ ನನಗದು ಚೆನ್ನಾಗಿ ಅರ್ಥವಾಗುತ್ತದೆ. ತೆರಿಗೆಯ ಪಾಲು ಕಡಿಮೆ ಬಂತು, ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಇಲ್ಲ, ತೀರ್ಮಾನ ಎಲ್ಲೋ ದೂರದಲ್ಲಿ ಆಗುತ್ತದೆ ಅನ್ನುವ ಸಂಕಟ ನಮಗೆ ಹೊಸದಲ್ಲ. ಅದಕ್ಕೇ ನಾನು ಕೇಳುತ್ತಿರುವುದು ಬಲವಾದ ಕೇಂದ್ರವನ್ನಲ್ಲ, ಗೆರೆ ಸ್ಪಷ್ಟವಾಗಿ ಎಳೆದ ಒಕ್ಕೂಟವನ್ನು. ರಕ್ಷಣೆ, ವಿದೇಶಾಂಗ, ಹೊರಗಡಿ, ಹವಾಮಾನ, ದೊಡ್ಡ ಸಾಂಕ್ರಾಮಿಕ ರೋಗ, ಇವು ಯುರೋಪಿಗೆ. ಶಾಲೆ, ಭಾಷೆ, ಸಂಸ್ಕೃತಿ, ಊರಿನ ಆಡಳಿತ, ಇವು ದೇಶಕ್ಕೆ, ಪ್ರಾಂತ್ಯಕ್ಕೆ, ಊರಿಗೆ. ಜರ್ಮನಿಯಲ್ಲಿ ಶಾಲೆಗಳನ್ನು ನಡೆಸುವುದು ಬರ್ಲಿನ್ ಅಲ್ಲ, ಆಯಾ ರಾಜ್ಯಗಳು. ಹೀಗಿದ್ದೂ ಜರ್ಮನಿ ಒಂದೇ ದೇಶವಾಗಿ ನಿಂತಿದೆ. ಇವತ್ತು ಯುರೋಪಿನ ಬಜೆಟ್ ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು ಶೇ 1 ಮಾತ್ರ. ಅಷ್ಟರಲ್ಲಿ ಎಲ್ಲವನ್ನೂ ನುಂಗುವ ಕೇಂದ್ರ ಹೇಗೆ ಹುಟ್ಟೀತು?

ಭಾಷೆಯ ವಿಷಯಕ್ಕೆ ನಿಮ್ಮ ಮಾಲ್ಟಾವೇ ಉತ್ತರ. ಬೆಂಗಳೂರಿನ ಒಂದು ಮೂಲೆಯಲ್ಲಿ ಇರುವಷ್ಟು ಜನ ನಿಮ್ಮ ಇಡೀ ದೇಶದಲ್ಲಿ ಇದ್ದಾರೆ. ಆದರೂ 2004ರಲ್ಲಿ ನೀವು ಸೇರಿದಾಗ ಮಾಲ್ಟೀಸ್ ಭಾಷೆ ಜರ್ಮನ್, ಫ್ರೆಂಚ್‌ಗೆ ಸಮನಾದ ಅಧಿಕೃತ ಭಾಷೆ ಆಯಿತು. ಇಂದು ಅಂಥ 24 ಭಾಷೆಗಳಿವೆ. ಅವುಗಳಲ್ಲಿ ಯಾವುದರಲ್ಲಿ ಪತ್ರ ಬರೆದರೂ ಪೌರರಿಗೆ ಅದೇ ಭಾಷೆಯಲ್ಲಿ ಉತ್ತರ ಸಿಗಬೇಕು ಅಂತ ಒಪ್ಪಂದವೇ ಹೇಳುತ್ತದೆ. ಸಂಸತ್ತಿನಲ್ಲಿ ಮಾಲ್ಟಾಕ್ಕೆ 6 ಸ್ಥಾನ ಇದೆ. ಬರೀ ಜನಸಂಖ್ಯೆ ನೋಡಿ ಹಂಚಿದ್ದರೆ ಒಂದು ಸಿಗುವುದೂ ಕಷ್ಟವಿತ್ತು. ಸಣ್ಣವರ ಕೈಹಿಡಿಯುವುದು ಹೀಗೆ, ಬರೆದಿಟ್ಟ ನಿಯಮದಿಂದ. ತೆರಿಗೆಯ ವಿಷಯದಲ್ಲಿ ವೀಟೊ ಬಿಡಲು ನಿಮ್ಮ ದೇಶದ ಸರ್ಕಾರಕ್ಕೂ ಮನಸ್ಸಿಲ್ಲ ಅಂತ ನನಗೆ ಗೊತ್ತು. ಹಾಗಾಗಿಯೇ ಈ ಮಾತು ನಿಮ್ಮ ಬಾಯಿಂದ ಬಂದರೆ ತೂಕ ಜಾಸ್ತಿ. ದೊಡ್ಡ ದೇಶದವರು ಹೇಳಿದರೆ ಸಣ್ಣವರಿಗೆ ಅನುಮಾನ ಬರುತ್ತದೆ.

ನೀವು ಏನು ಮಾಡಬಹುದು ಅಂತ ನೇರವಾಗಿ ಹೇಳುತ್ತೇನೆ. 2021 ಮತ್ತು 2022ರಲ್ಲಿ 'ಯುರೋಪಿನ ಭವಿಷ್ಯ' ಸಮಾವೇಶ ನಡೆಯಿತು. ಚೀಟಿ ಎತ್ತಿ ಆರಿಸಿದ 800 ಸಾಮಾನ್ಯ ಜನ ಅದರ ಪೌರ ಸಮಿತಿಗಳಲ್ಲಿ ಕೂತು ಚರ್ಚಿಸಿದರು. 2022ರ ಮೇ 9ರಂದು ಸ್ಟ್ರಾಸ್‌ಬರ್ಗ್‌ನಲ್ಲೇ 49 ಸಲಹೆಗಳನ್ನು ನಿಮ್ಮ ಕೈಗಿಟ್ಟರು. ವೀಟೊ ಕಡಿಮೆ ಮಾಡಿ ಅನ್ನುವುದು ಅದರಲ್ಲಿತ್ತು. 2023ರ ನವೆಂಬರ್ 22ರಂದು ನಿಮ್ಮ ಸಂಸತ್ತು 291 ಮತಗಳಿಂದ ಒಪ್ಪಂದಗಳ ತಿದ್ದುಪಡಿಯ ಕರಡನ್ನು ಅಂಗೀಕರಿಸಿತು, ವಿರುದ್ಧ 274. ಅದಕ್ಕಾಗಿ ಒಂದು ಮಹಾಸಭೆ ಕರೆಯಿರಿ ಅಂತ ನಾಯಕರನ್ನು ಕೇಳಿತು. ಆ ಸಭೆ ಇನ್ನೂ ಕೂಡಿಲ್ಲ.

ಅದನ್ನು ಕರೆಯಲು ಎಲ್ಲರ ಒಪ್ಪಿಗೆ ಬೇಕಾಗಿಲ್ಲ. 27 ನಾಯಕರಲ್ಲಿ 14 ಮಂದಿ ಕೈ ಎತ್ತಿದರೆ ಸಾಕು. ಸಭೆಯಲ್ಲಿ ಹುಟ್ಟುವ ಹೊಸ ಒಪ್ಪಂದವನ್ನು ಕೊನೆಗೆ ಎಲ್ಲ ದೇಶಗಳೂ ಅನುಮೋದಿಸಬೇಕು, ಅದು ಕಷ್ಟದ ದಾರಿ. 2005ರಲ್ಲಿ ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್ ಜನ ಯುರೋಪಿನ ಸಂವಿಧಾನವನ್ನು ತಿರಸ್ಕರಿಸಿದ್ದನ್ನು ನಾನು ಮರೆತಿಲ್ಲ. ಆದರೆ ಅವತ್ತು ಜನರ ಮುಂದೆ ಇಟ್ಟು ಕೇಳಿದರು, ಜನ ಬೇಡ ಅಂದರು. ಇವತ್ತು ಕೇಳುವುದನ್ನೇ ಬಿಟ್ಟಿದ್ದಾರೆ.

ಶೃಂಗಸಭೆ ಸಾಮಾನ್ಯವಾಗಿ ಸಂಸತ್ತಿನ ಅಧ್ಯಕ್ಷರ ಭಾಷಣದಿಂದ ಶುರುವಾಗುತ್ತದೆ. ಎಲ್ಲ 27 ಮಂದಿ ಎದುರಿಗೆ ಕೂತು ಕೇಳಲೇಬೇಕಾದ ಹೊತ್ತು ಅದು. ಆ ಭಾಷಣದಲ್ಲಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ: ಮಹಾಸಭೆಯ ವಿಷಯ ಯಾವಾಗ ಮತಕ್ಕೆ ಹಾಕುತ್ತೀರಿ? ಯಾರು ಪರ, ಯಾರು ವಿರೋಧ ಅಂತ ಹೆಸರು ಹಿಡಿದು ನಮಗೆ ಗೊತ್ತಾಗಲಿ. ಸೋತರೂ ಪರವಾಗಿಲ್ಲ, ಮತ ನಡೆಯಲಿ. ನನ್ನ ದೇಶದ ಚಾನ್ಸಲರ್ ಕೈ ಎತ್ತಿದರೋ ಇಲ್ಲವೋ ಅಂತ ಒಬ್ಬ ಮತದಾರಳಾಗಿ ನನಗೆ ತಿಳಿಯಬೇಕು.

ಮುಂದಿನ ಅಧಿವೇಶನದ ವಾರ ಮಗಳನ್ನು ಕರೆದುಕೊಂಡು ನದಿ ದಾಟಿ ಬರುತ್ತೇನೆ. ಅವಳಿಗೆ ಈಗ ಹದಿನೈದು. 2024ರಿಂದ ಜರ್ಮನಿಯಲ್ಲಿ ಯುರೋಪಿನ ಚುನಾವಣೆಗೆ ಹದಿನಾರಕ್ಕೇ ಮತ ಇದೆ, ಮುಂದಿನ ಸಲ ಅವಳೂ ಹಾಕುತ್ತಾಳೆ. ಇಬ್ಬರೂ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿರುತ್ತೇವೆ. ಪತ್ರಕ್ಕೆ ಉತ್ತರವನ್ನು ಜರ್ಮನ್‌ನಲ್ಲೇ ಕಳಿಸಿ. ಅದನ್ನು ಕನ್ನಡಕ್ಕೆ ಮಾಡಿ ನಮ್ಮವರಿಗೆ ಓದಿ ಹೇಳುವುದು ನನ್ನ ಕೆಲಸ.

ವಂದನೆಗಳೊಂದಿಗೆ,

ಕಂಪ್ಲಿ ಕಡೆಯ ಒಬ್ಬ ಮತದಾರಳು
ಕೇಲ್, ಜರ್ಮನಿ